ನಕ್ಷತ್ರ ಚಿಹ್ನೆಗೆ ಕನ್ನಡದ ವಿಭಕ್ತಿ ಗೊತ್ತಿಲ್ಲ!

ವಾಟ್ಸ್‌ಆ್ಯಪ್‌ನಲ್ಲಿ ಪದದ ಎರಡೂ ಬದಿಗೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿದ್ರೆ ಅಕ್ಷರ ದಪ್ಪ ಆಗತ್ತೆ, ಅಲ್ವಾ? ಇದೇ ಜಾತಿಯ ಉಪಾಯವನ್ನು ಇಡೀ ವೆಬ್ ಬರಹಕ್ಕೆ ಬಳಸೋ ಪದ್ಧತಿಯ ಹೆಸರು ಮಾರ್ಕ್‌ಡೌನ್. 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ಇದನ್ನು ಹೊರತಂದರು. ಆರನ್ ಸ್ವಾರ್ಟ್ಜ್ ಅದನ್ನು ರೂಪಿಸಲು ನೆರವಾದರು.

ಮೂಲ ಚಿಹ್ನೆಗಳು ಐದು ನಿಮಿಷದಲ್ಲಿ ಕಲಿಯುವಂಥವು. ಸಾಲಿನ ಮೊದಲಿಗೆ # ಹಾಕಿ ಜಾಗ ಬಿಟ್ಟರೆ ಶೀರ್ಷಿಕೆ. ಅಡ್ಡಗೀಟು ಹಾಕಿ ಜಾಗ ಬಿಟ್ಟರೆ ಪಟ್ಟಿ. \*ಪದ\* ಅಂದ್ರೆ ಓರೆ ಅಕ್ಷರ, \*\*ಪದ\*\* ಅಂದ್ರೆ ದಪ್ಪ ಅಕ್ಷರ. ವಾಟ್ಸ್‌ಆ್ಯಪ್‌ಗೂ ಇದಕ್ಕೂ ಇಲ್ಲೇ ವ್ಯತ್ಯಾಸ, ನೆನಪಿರಲಿ.

ಆದರೆ ಈ ನಿಯಮಗಳು ಹುಟ್ಟಿದ್ದು ಇಂಗ್ಲಿಷ್ ಬರಹವನ್ನು ಕಣ್ಣಮುಂದೆ ಇಟ್ಟುಕೊಂಡು. ಹಾಗಾಗಿ ಕನ್ನಡದಲ್ಲಿ ಬರೆಯೋರು ಮೂರು ಕಡೆ ಎಡವುತ್ತಾರೆ.

ಮೊದಲನೆಯದು ವಿಭಕ್ತಿ ಪ್ರತ್ಯಯ. ಇಂಗ್ಲಿಷ್‌ನಲ್ಲಿ ಪದದ ನಂತರ ಜಾಗ ಇರತ್ತೆ, ನಮ್ಮಲ್ಲಿ ಪ್ರತ್ಯಯ ಅಂಟಿಕೊಂಡಿರತ್ತೆ. ಈಗ ವ್ಯಾಪಕವಾಗಿ ಬಳಕೆಯಲ್ಲಿರೋ ಕಾಮನ್‌ಮಾರ್ಕ್ ನಿಯಮದ ಪ್ರಕಾರ \*\*“ಚೋಮನ ದುಡಿ”\*\*ಯಲ್ಲಿ ಅಂತ ಬರೆದ್ರೆ ದಪ್ಪ ಆಗಲ್ಲ, ನಕ್ಷತ್ರಗಳು ಹಾಗೇ ಕಾಣಿಸ್ತವೆ. ಉದ್ಧರಣ ಚಿಹ್ನೆಯ ನಂತರದ ನಕ್ಷತ್ರಕ್ಕೆ ತಕ್ಷಣ ಅಕ್ಷರ ತಾಗಿದ್ರೆ, ಅದನ್ನು ಮುಕ್ತಾಯ ಅಂತ ಒಪ್ಪೋದಿಲ್ಲ. ನಕ್ಷತ್ರಗಳನ್ನು ಉದ್ಧರಣದ ಒಳಗೆ ತನ್ನಿ: “\*\*ಚೋಮನ ದುಡಿ\*\*”ಯಲ್ಲಿ. ಸರಿಯಾಗತ್ತೆ. ಹಾಗೇ, ಓರೆ ಅಕ್ಷರಕ್ಕೆ ಅಡಿಗೀಟು ಬೇಡ. ಪದದ ಮಧ್ಯೆ ಅದು ಕೆಲಸ ಮಾಡಲ್ಲ, ನಕ್ಷತ್ರ ಮಾಡತ್ತೆ.

ಎರಡನೆಯದು ಅಂಕಿ. ೧, ೨ ಅಂತ ಕನ್ನಡ ಅಂಕಿ ಹಾಕಿದ್ರೆ ಸಂಖ್ಯೆಯ ಪಟ್ಟಿ ಆಗೋದಿಲ್ಲ, ಸಾಲುಗಳು ಒಂದೇ ಪ್ಯಾರಾ ಆಗಿ ಕೂಡಿಕೊಳ್ತವೆ. ಅಲ್ಲಿ 1, 2 ಅಂತಲೇ ಬರೀಬೇಕು.

ಮೂರನೆಯದು ಕವಿತೆ. ಎಂಟರ್ ಒತ್ತಿದ ಮಾತ್ರಕ್ಕೆ ಹೊಸ ಸಾಲು ಬರಲ್ಲ. ವಚನವೊಂದನ್ನು ಸಾಲು ಸಾಲಾಗಿ ಬರೆದ್ರೂ ಪುಟದಲ್ಲಿ ಗದ್ಯದ ಹಾಗೆ ಒಟ್ಟಾಗಿ ಕಾಣಬಹುದು. ಪ್ರತಿ ಸಾಲಿನ ಕೊನೆಗೆ ಎರಡು ಸ್ಪೇಸ್ ಬಿಡಿ, ಇಲ್ಲವೇ ಹಿಂಬಾಗಿದ ಗೀಟು \ ಹಾಕಿ.

ಇಷ್ಟೆಲ್ಲ ತೊಂದರೆ ಯಾಕೆ ಅಂತೀರಾ? ಯುನಿಕೋಡ್‌ಗೆ ಮುಂಚೆ ವಿಶೇಷ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಅಕ್ಷರರಾಶಿಯಾಗಿ ತೆರೆದುಕೊಳ್ಳೋದನ್ನು ನಮ್ಮಲ್ಲಿ ಎಷ್ಟೋ ಜನ ನೋಡಿದ್ದೀವಿ. ಯುನಿಕೋಡ್ ಕನ್ನಡದಲ್ಲಿ ಮಾರ್ಕ್‌ಡೌನ್ ಬಳಸಿ ಬರೆದಿದ್ದು ಬರೀ ಸಾದಾ ಪಠ್ಯ. ನಾಳೆ ಇವತ್ತಿನ ತಂತ್ರಾಂಶ ಇಲ್ಲವಾದ್ರೂ, ನಾಲ್ಕು ನಕ್ಷತ್ರದ ಜೊತೆಗೇ ಬರಹವನ್ನು ಓದಬಹುದು. ಪ್ರಕಟಿಸೋ ಮುಂಚೆ ಒಮ್ಮೆ ಮುನ್ನೋಟ ನೋಡಿಬಿಡಿ, ಅಷ್ಟೇ.