ಕಣದ ಮಾತಿಗೆ ನ್ಯೂಕ್ಲಿಯಸ್‌ನ ಸಾಕ್ಷಿ: ಏಳು ತಪ್ಪು ಕಲ್ಪನೆಗಳು

ಬೆಂಗಳೂರಿನ ಬಿಳೇಕಹಳ್ಳಿಯಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಿಲ್ಲ, ಅಣುಸ್ಥಾವರವೂ ಇಲ್ಲ. ಇರುವುದು ಐಐಎಂ, ಆಸ್ಪತ್ರೆಗಳು, ಅಪಾರ್ಟ್‌ಮೆಂಟುಗಳು, ಬನ್ನೇರುಘಟ್ಟ ರಸ್ತೆಯ ಮುಗಿಯದ ಟ್ರಾಫಿಕ್ಕು. ಆದರೆ ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಿಗೇನೂ ಇಲ್ಲಿ ಕೊರತೆಯಿಲ್ಲ. ಆ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ದೇವಕಣ’, ನ್ಯೂಟ್ರಿನೊ, ಪ್ರತಿದ್ರವ್ಯಗಳ ಕತೆಗಳು ಆಗಾಗ ಸುತ್ತು ಹೊಡೆಯುತ್ತವೆ. ಬಹಳಷ್ಟು ಕತೆಗಳಲ್ಲಿ ನಿಜ ಅರ್ಧ, ಊಹೆ ಅರ್ಧ. ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯಲ್ಲಿ ನಡೆದದ್ದನ್ನು ಜೊತೆಗಿಟ್ಟುಕೊಂಡು ಅಂಥ ಏಳನ್ನು ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ನ್ಯೂಕ್ಲಿಯರ್ ವಿಜ್ಞಾನವೆಂದರೆ ಬಾಂಬು, ವಿದ್ಯುತ್ತು. ಕಣ ವಿಜ್ಞಾನ ಅದಕ್ಕೆ ಸಂಬಂಧವಿಲ್ಲದ ಬೇರೆಯೇ ಲೋಕ.

ವಾಸ್ತವ: ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು. ಬೀಟಾ ವಿಕಿರಣದಲ್ಲಿ ಶಕ್ತಿಯ ಲೆಕ್ಕ ತಾಳೆಯಾಗದಿದ್ದಾಗ, ಕಣ್ಣಿಗೆ ಬೀಳದ ಕಣವೊಂದು ಆ ಶಕ್ತಿಯನ್ನು ಹೊತ್ತೊಯ್ಯುತ್ತಿರಬೇಕೆಂದು 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಊಹಿಸಿದರು. ನ್ಯೂಟ್ರಿನೊ ಹುಟ್ಟಿದ್ದು ಹಾಗೆ, ನ್ಯೂಕ್ಲಿಯಸ್‌ನ ಲೆಕ್ಕ ಸರಿಪಡಿಸಲು. ನ್ಯೂಕ್ಲಿಯಸ್‌ನೊಳಗಿನ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಹಿಡಿದಿಡುವುದು ಯಾವುದು ಎಂದು ಕೇಳಿಕೊಂಡ ಹಿದೆಕಿ ಯುಕಾವಾ 1935ರಲ್ಲಿ ಇನ್ನೊಂದು ಕಣವನ್ನು ಸೂಚಿಸಿದರು. ನಾವೀಗ ಪಯಾನ್ ಎನ್ನುವ ಆ ಕಣ 1947ರಲ್ಲಿ ಕಾಸ್ಮಿಕ್ ಕಿರಣಗಳಲ್ಲಿ ಸಿಕ್ಕಿತು. ಮುಂದೆ ವೇಗವರ್ಧಕ ಯಂತ್ರಗಳು ದೊಡ್ಡದಾದಂತೆ ಎರಡು ಶಾಖೆಗಳೂ ಬೇರೆ ಬಿಡಾರ ಹೂಡಿದವು.

ಕನ್ನಡ ನಾಡಿನ ಇಬ್ಬರು ವಿಜ್ಞಾನಿಗಳ ಬದುಕಿನಲ್ಲೂ ಈ ನಂಟು ಕಾಣುತ್ತದೆ. ತುಮಕೂರಿನ ರಾಜಾ ರಾಮಣ್ಣ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇಬ್ಬರೂ ಹುಟ್ಟಿದ್ದು 1925ರಲ್ಲಿ. ಇಬ್ಬರನ್ನೂ ಬೆಳೆಸಿದ್ದು ಹೋಮಿ ಭಾಭಾ ಕಟ್ಟಿದ ಸಂಸ್ಥೆಗಳು. ರಾಮಣ್ಣ ನ್ಯೂಕ್ಲಿಯಸ್ ವಿದಳನದ ಕಡೆ ಹೊರಳಿದರು, ಶ್ರೀಕಂಠನ್ ಕಾಸ್ಮಿಕ್ ಕಣಗಳ ಬೆನ್ನು ಹತ್ತಿದರು. ಕೊನೆಗೆ ಇಬ್ಬರೂ ಬಂದು ಸೇರಿದ್ದು ಐಐಎಸ್‌ಸಿ ಆವರಣದ ನಿಯಾಸ್ ಸಂಸ್ಥೆಯನ್ನು. ರಾಮಣ್ಣ ಅದರ ಮೊದಲ ನಿರ್ದೇಶಕರು. ಶ್ರೀಕಂಠನ್ ನಿವೃತ್ತಿಯ ನಂತರ ವರ್ಷಗಟ್ಟಲೆ ಅಲ್ಲೇ ಕೆಲಸ ಮಾಡಿದರು. ಇವತ್ತಿನ ಸಂಶೋಧನೆಯಲ್ಲಿ ಶಾಖೆಗಳೂ ಹಾಗೆಯೇ ಮತ್ತೆ ಒಂದೆಡೆ ಸೇರುತ್ತಿವೆ.

ತಪ್ಪು ಕಲ್ಪನೆ 2: ಕೆಜಿಎಫ್ ಅಂದರೆ ಚಿನ್ನ, ಇಲ್ಲವೇ ಯಶ್ ಸಿನಿಮಾ. ವಿಜ್ಞಾನಿಗಳು ಅಲ್ಲಿಗೆ ಇಳಿದಿದ್ದರೆ ಏನೋ ಗುಟ್ಟಿನ, ಅಪಾಯದ ಕೆಲಸಕ್ಕೇ ಇರಬೇಕು.

ವಾಸ್ತವ: ಅವರು ಏನನ್ನೂ ಬಚ್ಚಿಡಲು ಇಳಿಯಲಿಲ್ಲ. ಮೇಲಿನಿಂದ ಸುರಿಯುವ ಮ್ಯೂಯಾನ್‌ಗಳಿಂದ ತಪ್ಪಿಸಿಕೊಳ್ಳಲು ಇಳಿದರು. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ವಾತಾವರಣದ ಸಾರಜನಕ, ಆಮ್ಲಜನಕಗಳ ನ್ಯೂಕ್ಲಿಯಸ್‌ಗಳಿಗೆ ಬಡಿದಾಗ ಪಯಾನ್‌ಗಳು ಹುಟ್ಟುತ್ತವೆ. ಅವು ಕಳಚಿ ಮ್ಯೂಯಾನ್ ಮತ್ತು ನ್ಯೂಟ್ರಿನೊಗಳಾಗುತ್ತವೆ. ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಬೀಳುತ್ತದೆ. ಆ ಗದ್ದಲದಲ್ಲಿ ಎಲ್ಲೋ ಒಂದು ನ್ಯೂಟ್ರಿನೊ ಬಿಟ್ಟ ಗುರುತನ್ನು ಹುಡುಕುವುದು ಆಗದ ಮಾತು.

ಭಾಭಾ ಅವರ ಸೂಚನೆಯಂತೆ 1950ರ ದಶಕದ ಆರಂಭದಲ್ಲೇ ಶ್ರೀಕಂಠನ್ ಕೋಲಾರದ ಗಣಿಗಳಲ್ಲಿ ಬೇರೆ ಬೇರೆ ಆಳಕ್ಕೆ ಇಳಿದು ಮ್ಯೂಯಾನ್‌ಗಳನ್ನು ಎಣಿಸತೊಡಗಿದರು. 1960ರ ದಶಕದಲ್ಲಿ ಭಾಭಾ ಕಟ್ಟಿದ ಟಿಐಎಫ್‌ಆರ್ ಸಂಸ್ಥೆಯ ತಂಡ 2.7 ಕಿಲೋಮೀಟರ್‌ಗೂ ಹೆಚ್ಚಿನ ಆಳದಲ್ಲಿ ಉಪಕರಣ ಇಟ್ಟಾಗ ಎರಡು ತಿಂಗಳಾದರೂ ಒಂದೂ ಮ್ಯೂಯಾನ್ ಬರಲಿಲ್ಲ. ಏನೂ ಸಿಗದಿದ್ದುದೇ ಅಲ್ಲಿ ಶುಭ ಸುದ್ದಿ. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ಸಿಗುವ ಮ್ಯೂಯಾನ್, ನ್ಯೂಟ್ರಿನೊವೊಂದು ಬಂಡೆಯ ನ್ಯೂಕ್ಲಿಯಸ್‌ಗೆ ಬಡಿದು ಹುಟ್ಟಿಸಿದ್ದೇ ಆಗಿರಬೇಕು. ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳ ಜಂಟಿ ತಂಡ ಚಾಂಪಿಯನ್ ರೀಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ಅಂಥ ಗುರುತುಗಳನ್ನು ಹಿಡಿಯಿತು.

‘ಜಗತ್ತಿನಲ್ಲೇ ಮೊದಲು’ ಎಂಬ ಹೆಮ್ಮೆಯ ಮಾತಿಗೂ ಸಣ್ಣ ತಿದ್ದುಪಡಿ ಬೇಕು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ವಾತಾವರಣದ ನ್ಯೂಟ್ರಿನೊಗಳನ್ನು ಕಂಡಿತು. ಅವರ ಮೊದಲ ಘಟನೆ ದಾಖಲಾದದ್ದು ಮೊದಲು, ಕೋಲಾರದ ಪ್ರಬಂಧ ಅಚ್ಚಾದದ್ದು ಮೊದಲು. ಎರಡೂ ಪ್ರಬಂಧಗಳು 1965ರ ಆಗಸ್ಟ್ ತಿಂಗಳಲ್ಲೇ ಹೊರಬಂದವು.

ತಪ್ಪು ಕಲ್ಪನೆ 3: ಪ್ರೋಟಾನ್ ಸಾಯುತ್ತದೆಂದು ಕೋಲಾರ ಸಾಬೀತು ಮಾಡಿತು. (ಇದರ ಇನ್ನೊಂದು ಮುಖ: ಸಾಬೀತು ಮಾಡಲಾಗಲಿಲ್ಲ, ಹಾಗಾಗಿ ಪ್ರಯೋಗ ವ್ಯರ್ಥ.)

ವಾಸ್ತವ: ಎರಡೂ ತಪ್ಪು. 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಮುಂದಿಟ್ಟ ಮಹಾ ಏಕೀಕರಣ ಸಿದ್ಧಾಂತದ ಪ್ರಕಾರ ಪ್ರೋಟಾನ್ ಶಾಶ್ವತವಲ್ಲ. ಅದರ ಆಯುಷ್ಯ ಒಂದರ ಮುಂದೆ ಮೂವತ್ತು ಸೊನ್ನೆ ಹಾಕಿದಷ್ಟು ವರ್ಷಗಳ ಆಸುಪಾಸು. ಒಂದು ಪ್ರೋಟಾನ್ ಮುಂದೆ ಅಷ್ಟು ಕಾಲ ಕಾಯಲಾಗದು. ಲೆಕ್ಕವಿಲ್ಲದಷ್ಟು ಪ್ರೋಟಾನ್‌ಗಳನ್ನು ಒಟ್ಟಿಗೆ ಇಟ್ಟು ಕೆಲವು ವರ್ಷ ಕಾಯಬಹುದು. 1980ರ ಕೊನೆಯಲ್ಲಿ ಕೋಲಾರದ ಆಳದಲ್ಲಿ 140 ಟನ್ ತೂಕದ, ಕಬ್ಬಿಣದ ತಟ್ಟೆಗಳ ನಡುವೆ ಕಣ ಎಣಿಸುವ ಕೊಳವೆಗಳನ್ನು ಪೇರಿಸಿದ ಶೋಧಕ ಕೆಲಸ ಶುರುಮಾಡಿತು. ಅಷ್ಟು ತೂಕದಲ್ಲಿರುವ ಪ್ರೋಟಾನ್, ನ್ಯೂಟ್ರಾನ್‌ಗಳ ಸಂಖ್ಯೆ ಎಂಟರ ಮುಂದೆ 31 ಸೊನ್ನೆ. ಸಿದ್ಧಾಂತ ನಿಜವಾಗಿದ್ದರೆ ವರ್ಷಕ್ಕೆ ಕೆಲವಾದರೂ ಘಟನೆ ಕಾಣಬೇಕಿತ್ತು. ಪ್ರೋಟಾನ್ ಕ್ಷಯವನ್ನೇ ಗುರಿಯಾಗಿಟ್ಟುಕೊಂಡು ಆರಂಭವಾದ ಮೊದಮೊದಲ ಶೋಧಕಗಳಲ್ಲಿ ಇದೂ ಒಂದು.

1981ರಲ್ಲಿ ತಂಡ ಕೆಲವು ‘ಸಂಭಾವ್ಯ’ ಘಟನೆಗಳನ್ನು ಪ್ರಕಟಿಸಿತು. ಜಗತ್ತು ಕಿವಿ ನಿಮಿರಿಸಿತು. ಆದರೆ ಇಲ್ಲಿ ನ್ಯೂಕ್ಲಿಯಸ್ ಅಡ್ಡ ಬಂತು. ಕಬ್ಬಿಣದಲ್ಲಿರುವ ಪ್ರೋಟಾನ್ ಒಂಟಿಯಲ್ಲ; 26 ಪ್ರೋಟಾನ್, 30 ನ್ಯೂಟ್ರಾನ್‌ಗಳ ಇಕ್ಕಟ್ಟಿನಲ್ಲಿ ಸದಾ ಓಡಾಡುತ್ತಿರುತ್ತದೆ. ಅದು ಕಳಚಿ ಪಯಾನ್ ಹುಟ್ಟಿದರೂ ಆ ಪಯಾನ್ ನ್ಯೂಕ್ಲಿಯಸ್ ದಾಟುವ ಮುಂಚೆಯೇ ನುಂಗಿಹೋಗಬಹುದು, ದಿಕ್ಕು ತಪ್ಪಬಹುದು, ವಿದ್ಯುದಂಶ ಬದಲಿಸಿಕೊಳ್ಳಬಹುದು. ಇನ್ನೊಂದು ಕಡೆ, ವಾತಾವರಣದ ನ್ಯೂಟ್ರಿನೊ ಅದೇ ಕಬ್ಬಿಣಕ್ಕೆ ಬಡಿದು ಥೇಟ್ ಪ್ರೋಟಾನ್ ಕಳಚಿದಂತೆಯೇ ಕಾಣುವ ಗುರುತು ಬಿಡಬಹುದು. ಯಾವುದು ಅಸಲಿ, ಯಾವುದು ನಕಲಿ ಎಂದು ಬೇರ್ಪಡಿಸಲು ಕಬ್ಬಿಣದ ನ್ಯೂಕ್ಲಿಯಸ್‌ನೊಳಗಿನ ವ್ಯವಹಾರ ಚೆನ್ನಾಗಿ ಗೊತ್ತಿರಬೇಕು. ಆಮೇಲೆ ಬಂದ ಅಮೆರಿಕದ ಐಎಂಬಿ, ಜಪಾನಿನ ಕಮಿಯೊಕಾಂಡೆಯಂಥ ದೊಡ್ಡ ನೀರಿನ ತೊಟ್ಟಿಗಳಿಗೆ ಪ್ರೋಟಾನ್ ಕ್ಷಯ ಸಿಗಲಿಲ್ಲ. ಸೂಪರ್ ಕಮಿಯೊಕಾಂಡೆಯ ಈಗಿನ ಲೆಕ್ಕದಂತೆ, ಮುಖ್ಯ ಬಗೆಯೊಂದರ ಕ್ಷಯಕ್ಕೆ ಪ್ರೋಟಾನ್ ಆಯುಷ್ಯ ಒಂದರ ಮುಂದೆ 34 ಸೊನ್ನೆಯ ವರ್ಷಗಳಿಗಿಂತಲೂ ಹೆಚ್ಚು.

ಹಾಗಾದರೆ ವ್ಯರ್ಥವೇ? ಪ್ರೋಟಾನ್ ಬೇಟೆಗಾರರಿಗೆ ತೊಡಕಾಗಿದ್ದ ಆ ವಾತಾವರಣದ ನ್ಯೂಟ್ರಿನೊಗಳನ್ನೇ ಜಪಾನಿನವರು ಬಿಡದೆ ಲೆಕ್ಕ ಹಾಕಿದರು. ನ್ಯೂಟ್ರಿನೊ ಬಗೆ ಬದಲಿಸುತ್ತದೆ, ಎಂದರೆ ಅದಕ್ಕೆ ದ್ರವ್ಯರಾಶಿ ಇದೆ ಎಂಬುದು 1998ರಲ್ಲಿ ಹೊರಬಿತ್ತು. 2015ರ ನೊಬೆಲ್‌ನಲ್ಲಿ ಅದಕ್ಕೆ ಪಾಲು ಸಿಕ್ಕಿತು. ಕೋಲಾರದ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ತಪ್ಪು ಕಲ್ಪನೆ 4: ನಮ್ಮ ಮೈತೂಕವೆಲ್ಲ ಹಿಗ್ಸ್ ಕಣ ಕೊಟ್ಟದ್ದು.

ವಾಸ್ತವ: ಹಿಗ್ಸ್ ಕಣ ಸಿಕ್ಕಿತೆಂಬ 2012ರ ‘ದೇವಕಣ’ ಸುದ್ದಿಯ ಜೊತೆ ಈ ಮಾತೂ ಅಂಟಿಕೊಂಡಿತು. ಲೆಕ್ಕ ಹಾಕಿ ನೋಡಿ. ಪ್ರೋಟಾನ್‌ನ ದ್ರವ್ಯರಾಶಿ ಸುಮಾರು 938 ಎಂಇವಿ (ಕಣಗಳ ದ್ರವ್ಯರಾಶಿ ಹೇಳುವ ಏಕಮಾನ). ಅದರಲ್ಲಿರುವ ಎರಡು ‘ಅಪ್’, ಒಂದು ‘ಡೌನ್’ ಕ್ವಾರ್ಕ್‌ಗಳಿಗೆ ಹಿಗ್ಸ್ ಕ್ಷೇತ್ರದಿಂದ ಬಂದ ದ್ರವ್ಯರಾಶಿ ಕೂಡಿಸಿದರೆ ಸುಮಾರು 9. ಅಂದರೆ ನೂರಕ್ಕೆ ಒಂದು. 60 ಕೆಜಿ ತೂಗುವವರಲ್ಲಿ ಹಿಗ್ಸ್‌ನ ನೇರ ಪಾಲು ಅರ್ಧ ಕೆಜಿ ಚಿಲ್ಲರೆ. ಉಳಿದದ್ದು ಕ್ವಾರ್ಕ್‌ಗಳ ಓಟ ಮತ್ತು ಅವನ್ನು ಬಿಗಿದಿಟ್ಟ ಗ್ಲೂಆನ್‌ಗಳ ಶಕ್ತಿ.

ಆ ಶಕ್ತಿ ಪ್ರೋಟಾನ್‌ನಲ್ಲಿ, ನ್ಯೂಕ್ಲಿಯಸ್‌ನಲ್ಲಿ ಹೇಗೆ ಹಂಚಿಕೊಂಡಿದೆ ಎಂಬುದು ಎರಡೂ ಶಾಖೆಗಳ ಇಂದಿನ ದೊಡ್ಡ ಪ್ರಶ್ನೆ. ಕಬ್ಬಿಣದೊಳಗಿನ ಕ್ವಾರ್ಕ್‌ಗಳು ಹಗುರ ನ್ಯೂಕ್ಲಿಯಸ್‌ನ ಕ್ವಾರ್ಕ್‌ಗಳಂತೆ ವರ್ತಿಸುವುದಿಲ್ಲ ಎಂದು ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನ ಇಎಂಸಿ ತಂಡ 1983ರಲ್ಲಿ ಕಂಡುಕೊಂಡಿತು. ಯಾಕೆ ಹಾಗೆ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ತಯಾರಾಗುತ್ತಿರುವ ಎಲೆಕ್ಟ್ರಾನ್-ಅಯಾನ್ ಕೊಲೈಡರ್‌ನ ಮುಖ್ಯ ಗುರಿಗಳಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವುದೂ ಒಂದು.

ತಪ್ಪು ಕಲ್ಪನೆ 5: ನ್ಯೂಟ್ರಿನೊ ಪ್ರಯೋಗಾಲಯ ಬಂದರೆ ಸುತ್ತಲ ಊರುಗಳಿಗೆ ವಿಕಿರಣದ ಅಪಾಯ.

ವಾಸ್ತವ: ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಾಗ ಈ ಭಯ ಹಬ್ಬಿತು. ಆ ಯೋಜನೆ ಒಂದು ಅರ್ಥದಲ್ಲಿ ಕೋಲಾರದ ಉತ್ತರಾಧಿಕಾರಿ: 50,000 ಟನ್ ಕಾಂತೀಯ ಕಬ್ಬಿಣ. ಅದು ನ್ಯೂಟ್ರಿನೊಗಳನ್ನು ತಯಾರಿಸುವುದಿಲ್ಲ, ಬರುವುದನ್ನು ನೋಡುತ್ತದೆ. ಸೂರ್ಯನಿಂದ ಹೊರಟ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಪ್ರತಿ ಸೆಕೆಂಡಿಗೆ ನಮ್ಮ ಪ್ರತಿ ಚದರ ಸೆಂಟಿಮೀಟರ್ ಮೂಲಕ ಹಾಯ್ದು ಹೋಗುತ್ತಲೇ ಇವೆ. ಹಗಲು, ರಾತ್ರಿ ಎನ್ನದೆ.

ವಿಕಿರಣ ನಮಗೆ ಹೊರಗಿನದೂ ಅಲ್ಲ. ಲಾಲ್‌ಬಾಗಿನ ಮುನ್ನೂರು ಕೋಟಿ ವರ್ಷದ ಬಂಡೆಯಲ್ಲಿ, ಬನ್ನೇರುಘಟ್ಟ ದಾಟಿದರೆ ಸಿಗುವ ಜಿಗಣಿಯಲ್ಲಿ ಕೊಯ್ದು ಅಡುಗೆಮನೆಗೆ ಬಂದ ಗ್ರಾನೈಟಿನಲ್ಲಿ ಅಲ್ಪ ಪ್ರಮಾಣದ ಪೊಟ್ಯಾಸಿಯಂ-40, ಥೋರಿಯಂ, ಯುರೇನಿಯಂ ಇವೆ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂ-40 ಒಂದೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಬಾರಿ ಕ್ಷಯಿಸುತ್ತದೆ, ಬಹುಪಾಲು ಸಲ ಒಂದು ಪ್ರತಿನ್ಯೂಟ್ರಿನೊ ಹೊರಬೀಳುತ್ತದೆ.

ಆದರೆ ಬೋಡಿ ಬೆಟ್ಟದ ವಿರೋಧವೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಸುರಂಗ ಸ್ಫೋಟ, ಪಶ್ಚಿಮಘಟ್ಟದ ಕಾಡು, ನೀರಿನ ಸೆಲೆಗಳ ಬಗ್ಗೆ ಜನ ಕೇಳಿದ್ದು ನ್ಯಾಯವಾದ ಪ್ರಶ್ನೆಗಳೇ. ಅವಕ್ಕೆ ಪರಿಸರದ ಲೆಕ್ಕದಲ್ಲೇ ಉತ್ತರ ಕೊಡಬೇಕು. ಯೋಜನೆ ಸದ್ಯಕ್ಕೆ ನಿಂತಲ್ಲೇ ನಿಂತಿದೆ.

ತಪ್ಪು ಕಲ್ಪನೆ 6: ಪ್ರತಿದ್ರವ್ಯ ಕಾದಂಬರಿ, ಸಿನಿಮಾಗಳ ಸರಕು.

ವಾಸ್ತವ: ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಕಡತದಲ್ಲಿ ಅದು ಮಾಮೂಲು. ಪೆಟ್ ಸ್ಕ್ಯಾನ್ ಎಂಬ ಹೆಸರಿನ ಮೊದಲ ಅಕ್ಷರವೇ ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನ್‌ನ ಪ್ರತಿಕಣ. ಸೈಕ್ಲೊಟ್ರಾನ್‌ನಲ್ಲಿ ಆಮ್ಲಜನಕ-18 ಇರುವ ನೀರಿಗೆ ಪ್ರೋಟಾನ್ ಬಡಿಸಿ ಫ್ಲೋರಿನ್-18 ತಯಾರಿಸುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ, ಹಾಗಾಗಿ ದೂರದೂರಿನಿಂದ ತರಿಸುವುದು ಕಷ್ಟ. ಅದನ್ನು ಬೆರೆಸಿದ ಸಕ್ಕರೆಯಂಥ ವಸ್ತುವನ್ನು ರೋಗಿಯ ರಕ್ತಕ್ಕೆ ಬಿಡುತ್ತಾರೆ. ಗಡ್ಡೆ ಅದನ್ನು ಹೆಚ್ಚಾಗಿ ಹೀರುತ್ತದೆ. ಅಲ್ಲಿ ಹೊರಬಂದ ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನ್ ಸೇರಿ ಎರಡೂ ಇಲ್ಲವಾಗುತ್ತವೆ, ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಚಿಮ್ಮುತ್ತವೆ. ಅವನ್ನು ಹಿಡಿಯುವ ಹರಳುಗಳಲ್ಲೊಂದಾದ ಬಿಜಿಒ, ಸರ್ನ್‌ನ ಎಲ್3 ಶೋಧಕದಲ್ಲೂ ಇತ್ತು. ಐಸೊಟೋಪ್ ಕೊಟ್ಟದ್ದು ನ್ಯೂಕ್ಲಿಯರ್ ವಿಜ್ಞಾನ, ನೋಡುವ ಕಣ್ಣಿನಲ್ಲಿ ಕಣ ವಿಜ್ಞಾನದ್ದೂ ಪಾಲು.

ತಪ್ಪು ಕಲ್ಪನೆ 7: ನ್ಯೂಕ್ಲಿಯಸ್‌ನ ವಿಷಯ ಮುಗಿದ ಅಧ್ಯಾಯ. ಇನ್ನು ಹೊಸದೇನಿದ್ದರೂ ದೊಡ್ಡ ಕೊಲೈಡರ್‌ಗಳಲ್ಲೇ.

ವಾಸ್ತವ: ಇವತ್ತಿನ ಅತ್ಯಂತ ಕುತೂಹಲದ ಕಣಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಸಿಗಬೇಕಾದ್ದು ಸುಮ್ಮನೆ ಕೂತ ನ್ಯೂಕ್ಲಿಯಸ್‌ನಿಂದ. ನ್ಯೂಟ್ರಿನೊ ತನಗೆ ತಾನೇ ಪ್ರತಿಕಣವೇ? 1937ರಲ್ಲಿ ಎತ್ತೊರೆ ಮಯೊರಾನಾ ಆ ಸಾಧ್ಯತೆ ತೆರೆದಿಟ್ಟರು. ನಿಜವಾಗಿದ್ದರೆ ಕೆಲವು ನ್ಯೂಕ್ಲಿಯಸ್‌ಗಳು ಎರಡು ಎಲೆಕ್ಟ್ರಾನ್‌ಗಳನ್ನು ಮಾತ್ರ ಹೊರಹಾಕಿ, ನ್ಯೂಟ್ರಿನೊ ಬಿಡದೆಯೇ ಕ್ಷಯಿಸಬೇಕು. ಜರ್ಮೇನಿಯಂ-76, ಝೆನಾನ್-136, ಟೆಲ್ಯೂರಿಯಂ-130ರಲ್ಲಿ ಅದಕ್ಕಾಗಿ ಹುಡುಕಾಟ ನಡೆದಿದೆ. ತವರ-124ರಲ್ಲಿ ಹುಡುಕಲು ಟಿಐಎಫ್‌ಆರ್ ತಯಾರಿ ನಡೆಸಿತು. ಈವರೆಗೆ ಯಾರಿಗೂ ಖಚಿತವಾಗಿ ಸಿಕ್ಕಿಲ್ಲ. ಅಂಥ ಕ್ಷಯವಿದ್ದರೂ ಝೆನಾನ್‌ನಲ್ಲಿ ಅದರ ಅರ್ಧಾಯುಷ್ಯ ಒಂದರ ಮುಂದೆ 26 ಸೊನ್ನೆಯ ವರ್ಷಗಳಿಗಿಂತ ಹೆಚ್ಚು.

ನಾಳೆ ಸಿಕ್ಕಿತೆಂದುಕೊಳ್ಳಿ. ಆ ಕ್ಷಯದ ದರದಿಂದ ನ್ಯೂಟ್ರಿನೊ ದ್ರವ್ಯರಾಶಿ ತಿಳಿಯಬೇಕಾದರೆ ನ್ಯೂಕ್ಲಿಯಸ್‌ನ ರಚನೆಯ ಲೆಕ್ಕವೊಂದು ನಡುವೆ ಬರುತ್ತದೆ. ಒಂದೇ ನ್ಯೂಕ್ಲಿಯಸ್‌ಗೆ ಬೇರೆ ಬೇರೆ ಮಾದರಿಗಳು ಕೊಡುವ ಉತ್ತರಗಳಲ್ಲಿ ಎರಡು ಮೂರು ಪಟ್ಟು ವ್ಯತ್ಯಾಸವಿದೆ. ತೂಕದ ಕಲ್ಲೇ ಖಚಿತವಿಲ್ಲದ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಅದಕ್ಕೇ ಈ ಸಂಶೋಧನೆಯಲ್ಲಿ ಪ್ರಯೋಗಾಲಯದವರಷ್ಟೇ ನ್ಯೂಕ್ಲಿಯಸ್ ಲೆಕ್ಕ ಹಾಕುವವರಿಗೂ ಬೇಡಿಕೆ ಇದೆ. ಭಾರಿ ಯಂತ್ರ ಕಟ್ಟಲಾಗದ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಇಲ್ಲಿ ಕೆಲಸವಿದೆ. ಬೇಕಾದದ್ದು ಗಣಿತ, ಕಂಪ್ಯೂಟರು, ತಾಳ್ಮೆ.

ಕೋಲಾರದ ಕಬ್ಬಿಣ ಕಲಿಸಿದ್ದೂ ಇದನ್ನೇ. ಇವುಗಳಲ್ಲಿ ಯಾವ ಕಣವೂ ನಮ್ಮೆದುರು ನೇರವಾಗಿ ಬಂದು ಸಾಕ್ಷಿ ಹೇಳುವುದಿಲ್ಲ. ಅದು ಹುಟ್ಟಿದ ಅಥವಾ ತಾಗಿದ ನ್ಯೂಕ್ಲಿಯಸ್ ಅದರ ಪರವಾಗಿ ಹೇಳುತ್ತದೆ. ಆದ್ದರಿಂದ ‘ಹೊಸ ಕಣ ಪತ್ತೆ’, ‘ನ್ಯೂಟ್ರಿನೊ ರಹಸ್ಯ ಬಯಲು’ ಎಂಬ ತಲೆಬರಹ ಮುಂದಿನ ಸಲ ಫೋನಿನಲ್ಲಿ ಕಂಡಾಗ ಎರಡು ಪ್ರಶ್ನೆ ಕೇಳಿ: ಯಾವ ನ್ಯೂಕ್ಲಿಯಸ್‌ನಲ್ಲಿ ನೋಡಿದರು? ಅದರೊಳಗಿನ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು? ಸುದ್ದಿಯಲ್ಲಿ ಇವೆರಡಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಲು ಅವಸರ ಬೇಡ.