ಗಾಳಿಗೆ ಎದುರಾಗಿ ಓಡುವ ದೋಣಿ



ಸೊರಬ ತಾಲ್ಲೂಕಿನ ಕುಬಟೂರಿನಿಂದ ವೀಕ್ಷಕ ವಿದ್ಯಾರ್ಥಿಯೊಬ್ಬರು ಪತ್ರ ಬರೆದಿದ್ದಾರೆ. ಕೈಟಭೇಶ್ವರ ದೇವಾಲಯದಿಂದ ಹೆಸರಾದ ಊರು ಅದು. ಸಮುದ್ರ ದೂರ, ಆದರೆ ಸುತ್ತಲೂ ಕೆರೆಗಳ ಸೀಮೆ. ಅವರ ಪ್ರಶ್ನೆ ಹೀಗಿದೆ: ‘ಅಡಿಕೆ ಹಾಳೆಯ ದೋಣಿಗೆ ಕಾಗದದ ಹಾಯಿ ಕಟ್ಟಿ ನೀರಿಗೆ ಬಿಟ್ಟರೆ ಅದು ಗಾಳಿ ನೂಕಿದ ಕಡೆಗೇ ಹೋಗುತ್ತದೆ. ಒಲಿಂಪಿಕ್ಸ್ ಪಂದ್ಯದ ಹಾಯಿದೋಣಿಗಳು ಗಾಳಿ ಬರುವ ಕಡೆಗೇ ಹೇಗೆ ಸಾಗುತ್ತವೆ? ಅದರಲ್ಲಿರುವವರು ಹೊರಗೆ ಏಕೆ ನೇತಾಡುತ್ತಾರೆ?’

ಪ್ರಶ್ನೆ ಚೆನ್ನಾಗಿದೆ. ಉತ್ತರಕ್ಕಾಗಿ ನಮ್ಮವರೇ ಆದ ಒಂದು ಜೋಡಿಯನ್ನು ಪರಿಚಯಿಸುತ್ತೇನೆ. ಕೊಡಗಿನ ಕೇಳಪಂಡ ಮನೆತನದ ಗಣಪತಿ ಚೆಂಗಪ್ಪ ಮತ್ತು ಅವರ ಜೊತೆಗಾರ ವರುಣ್ ಠಕ್ಕರ್ ಚೆನ್ನೈ ಕಡಲಿನಲ್ಲಿ ಪಳಗಿದವರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇವರು ‘ಫಾರ್ಟಿನೈನರ್’ ಎಂಬ ದೋಣಿಯಲ್ಲಿ ಕಂಚಿನ ಪದಕ ಗೆದ್ದರು. ಈ ದೋಣಿ ‘ಸ್ಕಿಫ್’ ಎಂಬ ಜಾತಿಗೆ ಸೇರಿದ್ದು. ಅಂದರೆ ಹಗುರವಾದ, ಹಾಯಿ ದೊಡ್ಡದಾದ, ಬಲು ಚುರುಕಾದ ದೋಣಿ. ಉದ್ದ 4.99 ಮೀಟರ್; ಹೆಸರು ಬಂದದ್ದೂ ಇದರಿಂದಲೇ. ಆಸ್ಟ್ರೇಲಿಯಾದ ಜೂಲಿಯನ್ ಬೆಥ್‌ವೇಟ್ ಇದರ ವಿನ್ಯಾಸಕಾರರು. 2000ದ ಸಿಡ್ನಿ ಕೂಟದಲ್ಲಿ ಇದು ಒಲಿಂಪಿಕ್ಸ್ ಪ್ರವೇಶಿಸಿತು.

ಹಲಸಿನ ಬೀಜದ ಪಾಠ

ಹಸಿ ಹಲಸಿನ ಬೀಜವೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ನೋಡಿ. ಬೆರಳುಗಳು ಒತ್ತುವುದು ಅಕ್ಕಪಕ್ಕದಿಂದ. ಬೀಜ ಚಿಮ್ಮುವುದು ಮುಂದಕ್ಕೆ. ಹಾಯಿದೋಣಿಯಲ್ಲಿ ನಡೆಯುವುದೂ ಇಂಥದೇ ಕೆಲಸ.

ಗಾಳಿ ಓರೆಯಾಗಿ ಬಂದು ಹಾಯಿಯ ಬಾಗನ್ನು ಹಾದು ಹೋಗುವಾಗ, ವಿಮಾನದ ರೆಕ್ಕೆಯ ಮೇಲೆ ಆಗುವಂತೆ, ಒಂದು ಬದಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ. ಇದರಿಂದ ಹುಟ್ಟುವ ಬಲ ಬಹುಮಟ್ಟಿಗೆ ದೋಣಿಯನ್ನು ಪಕ್ಕಕ್ಕೆ ಎಳೆಯುತ್ತದೆ, ಸ್ವಲ್ಪ ಮಾತ್ರ ಮುಂದಕ್ಕೆ. ಆದರೆ ದೋಣಿಯ ಅಡಿಯಲ್ಲಿ ತೆಳುವಾದ ಹಲಗೆಯೊಂದು ನೀರಿಗೆ ಇಳಿದಿರುತ್ತದೆ. ಪಕ್ಕಕ್ಕೆ ಜಾರಲು ಅದು ಬಿಡುವುದಿಲ್ಲ. ಗಾಳಿ ಒಂದು ಬೆರಳಾದರೆ ನೀರು ಇನ್ನೊಂದು ಬೆರಳು. ನಡುವಿನ ದೋಣಿ ಮುಂದಕ್ಕೆ ನುಗ್ಗುತ್ತದೆ. ಪರದೆಯ ಮೇಲೆ ನಮಗೆ ಹಾಯಿ ಕಾಣುತ್ತದೆ, ಹಲಗೆ ಕಾಣುವುದಿಲ್ಲ. ಹಾಳೆಯ ದೋಣಿಗೆ ಇಲ್ಲದಿರುವುದು ಈ ಹಲಗೆಯೇ.

ಹೀಗಿದ್ದರೂ ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತ, ಘಾಟಿ ರಸ್ತೆಯನ್ನು ಹತ್ತುವಂತೆ ಅಂಕುಡೊಂಕಾಗಿ ಮುಂದುವರಿಯುತ್ತದೆ.

ದೇಹವೇ ತೂಕದ ಬಟ್ಟು

ಇನ್ನು ಎರಡನೆಯ ಪ್ರಶ್ನೆ. ಹಾಯಿಯ ಮೇಲಿನ ಬಲ ಎತ್ತರದಲ್ಲಿದೆ, ಹಲಗೆಯ ಮೇಲಿನದು ನೀರಿನೊಳಗೆ. ಇವೆರಡೂ ಸೇರಿ ದೋಣಿಯನ್ನು ಮಗುಚಲು ನೋಡುತ್ತವೆ. ಮಗುಚದಂತೆ ತಡೆಯಬೇಕಾದದ್ದು ಇಬ್ಬರು ಮನುಷ್ಯರ ತೂಕ.

ತಕ್ಕಡಿಯ ನಿಯಮವನ್ನು ನೀವು ಓದಿದ್ದೀರಿ: ತೂಕವನ್ನು ದೂರದಿಂದ ಗುಣಿಸಬೇಕು. ಇಬ್ಬರ ತೂಕ ಸೇರಿ 150 ಕಿಲೋಗ್ರಾಂ ಎನ್ನೋಣ. ದೋಣಿಯ ನಡುಗೆರೆಯಿಂದ 1.2 ಮೀಟರ್ ದೂರದಲ್ಲಿ ಕುಳಿತರೆ ಗುಣಲಬ್ಧ 180. ಈಗ ಹಾಯಿಕಂಬದಿಂದ ಇಳಿಬಿಟ್ಟ ತಂತಿಗೆ ಸೊಂಟದ ಪಟ್ಟಿಯನ್ನು ಸಿಕ್ಕಿಸಿ, ಅಂಚಿನ ಮೇಲೆ ಪಾದವೂರಿ, ದೇಹವನ್ನು ನೀರಿನ ಮೇಲೆ ಚಾಚಿ ನಿಂತರೆ ದೂರ ಸುಮಾರು 2.4 ಮೀಟರ್ ಆಗುತ್ತದೆ. ಗುಣಲಬ್ಧ 360. ಅದೇ ತೂಕ, ಎರಡರಷ್ಟು ಪರಿಣಾಮ! ಈ ನೇತಾಟಕ್ಕೆ ‘ಟ್ರಪೀಜ್’ ಎಂದು ಹೆಸರು.

ಗಾಳಿಯ ಬಲವಾದರೋ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್ ಇದ್ದ ಗಾಳಿ 14 ನಾಟ್ ಆದರೆ ಬಲ ಸುಮಾರು ಇಮ್ಮಡಿ. (ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್.) ಬೀಸುಗಾಳಿ ಬಂದ ಕ್ಷಣದಲ್ಲಿ ಮೈ ಹೊರಗೆ ಚಾಚುವುದು ತಡವಾದರೆ ದೋಣಿ ಮಗುಚುತ್ತದೆ, ಗಾಳಿ ನಿಂತಾಗ ಒಳಗೆ ಬರುವುದು ತಡವಾದರೆ ಇಬ್ಬರೂ ನೀರಿಗೆ.

ಋತುವಿನ ಮುಂಚೆ

ಸ್ಪರ್ಧೆಗಳ ಋತು ಆರಂಭವಾಗುವ ಮೊದಲು ಇಂಥ ಜೋಡಿ ಮಾಡಿಕೊಳ್ಳುವ ಸಿದ್ಧತೆ ಈಗ ಅರ್ಥವಾದೀತು. ಮೊದಲನೆಯದು ದೇಹ. ಇಲ್ಲಿ ತೂಕ ತೀರ ಕಡಿಮೆಯಾದರೆ ಜೋರು ಗಾಳಿಯಲ್ಲಿ ಸೋಲು, ಹೆಚ್ಚಾದರೆ ಮಂದ ಗಾಳಿಯಲ್ಲಿ ಸೋಲು. ಆದ್ದರಿಂದ ಊಟವನ್ನೂ ವ್ಯಾಯಾಮವನ್ನೂ ಲೆಕ್ಕ ಹಾಕಿ ಇಬ್ಬರ ಒಟ್ಟು ತೂಕವನ್ನು ಹದದಲ್ಲಿಡುತ್ತಾರೆ. ಎರಡನೆಯದು ದೋಣಿ. ಹಾಯಿಕಂಬವನ್ನು ಬಿಗಿದ ತಂತಿಗಳ ಬಿಗಿತವನ್ನು ಅಳೆದು, ಯಾವ ಗಾಳಿಗೆ ಎಷ್ಟು ಎಂದು ಬರೆದಿಟ್ಟುಕೊಳ್ಳುತ್ತಾರೆ.

ಮೂರನೆಯದು ಅತಿ ಕಷ್ಟದ್ದು: ತಿರುವಿನ ಅಭ್ಯಾಸ. ದೋಣಿ ತಿರುಗುವ ಕೆಲವೇ ಸೆಕೆಂಡುಗಳಲ್ಲಿ ಇಬ್ಬರೂ ಒಳಗೆ ಬಂದು, ತಂತಿ ಬಿಚ್ಚಿ, ಹಾಯಿಯ ಅಡಿ ನುಸುಳಿ, ಆಚೆ ಬದಿಯಲ್ಲಿ ಮತ್ತೆ ತಂತಿಗೆ ಸಿಕ್ಕಿಕೊಂಡು ಮೈ ಚಾಚಬೇಕು. ಗಾಳಿಗೆ ಎದುರಾಗಿ ಹೋಗುವಾಗ ಚುಕ್ಕಾಣಿ ಒಬ್ಬರ ಕೈಯಲ್ಲಿ, ಮುಖ್ಯ ಹಾಯಿಯ ಹಗ್ಗ ಇನ್ನೊಬ್ಬರ ಕೈಯಲ್ಲಿ. ಮಾತಾಡಿ ನಿರ್ಧರಿಸುವಷ್ಟು ಸಮಯವಿಲ್ಲ. ನೂರಾರು ಬಾರಿ ಮಾಡಿ ಮಾಡಿಯೇ ಅದು ಮೈಗೂಡಬೇಕು.

ಕೊನೆಯದು ಆರಂಭದ ಅಭ್ಯಾಸ. ಪಂದ್ಯಕ್ಕೆ 5 ನಿಮಿಷ ಇರುವಾಗ ಮೊದಲ ಬಾವುಟ ಏರುತ್ತದೆ. ದೋಣಿಗೆ ಬ್ರೇಕ್ ಇಲ್ಲ. ಗೆರೆ ದಾಟದಂತೆ ಹಿಡಿದಿಟ್ಟು, ಸಮಯವಾದ ಕ್ಷಣಕ್ಕೆ ಪೂರ್ಣ ವೇಗದಲ್ಲಿ ಹೊರಡಬೇಕು.

ಗಣಪತಿ ಮತ್ತು ವರುಣ್ ಅವರ ಸಿದ್ಧತೆಯ ಪರೀಕ್ಷೆ ನಡೆದದ್ದು 2021ರ ಏಪ್ರಿಲ್‌ನಲ್ಲಿ, ಒಮಾನ್ ದೇಶದ ಮುಸ್ಸಾನದಲ್ಲಿ. ಕೊರೋನಾದಿಂದಾಗಿ ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಗಿತ್ತು. ಏಷ್ಯಾ ವಲಯದ ಆ ಅರ್ಹತಾ ಸ್ಪರ್ಧೆಯಲ್ಲಿ ಎಡವಿದ್ದರೆ ಮುಂದಿನ ಒಲಿಂಪಿಕ್ಸ್‌ವರೆಗೆ ಕಾಯಬೇಕಿತ್ತು. ಅವರು ಎಡವಲಿಲ್ಲ. ಟೋಕಿಯೋ ಕೂಟದಲ್ಲಿ 19 ಜೋಡಿಗಳ ನಡುವೆ 17ನೆಯವರಾದರು. ಪದಕ ದೂರವೇ ಉಳಿಯಿತು. ಆದರೆ ಅಲ್ಲಿಯ ಗೆರೆಯ ಮೇಲೆ ನಿಲ್ಲುವ ಹಕ್ಕನ್ನು ಅವರು ದುಡಿದು ಪಡೆದಿದ್ದರು. ಹುಡುಗಿಯರೂ ಹಿಂದೆ ಬಿದ್ದಿಲ್ಲ: ಜಕಾರ್ತಾದಲ್ಲಿ ವರ್ಷಾ ಗೌತಮ್ ಮತ್ತು ಶ್ವೇತಾ ಶೇರ್ವೇಗಾರ್ ಮಹಿಳೆಯರ ಸ್ಕಿಫ್‌ನಲ್ಲಿ ಬೆಳ್ಳಿ ಗೆದ್ದರು.

ನೀವೇ ಮಾಡಿ ನೋಡಿ

ಕುಬಟೂರಿನ ಮಿತ್ರರೇ, ನಿಮ್ಮ ಹಾಳೆಯ ದೋಣಿಯ ಅಡಿಗೆ ಅಂಗೈ ಅಗಲದ ತಗಡಿನ ತುಂಡೊಂದನ್ನು ಉದ್ದುದ್ದಕ್ಕೆ ನಿಲ್ಲಿಸಿ ಭದ್ರಪಡಿಸಿ. ಮಗುಚದಿರಲು ಒಳಗೆ ಒಂದೆರಡು ಕಲ್ಲಿಡಿ. ಹಾಯಿಯನ್ನು ಓರೆಯಾಗಿ ಕಟ್ಟಿ ಅಂಗಳದ ದೊಡ್ಡ ಬಾನಿಯಲ್ಲಿ ಬಿಟ್ಟು ಬೀಸಣಿಗೆಯಿಂದ ಗಾಳಿ ಹಾಕಿ. ದೋಣಿ ಗಾಳಿಗೆ ಅಡ್ಡವಾಗಿ ಸಾಗುವುದನ್ನು ಕಾಣುವಿರಿ. ತಗಡನ್ನು ತೆಗೆದು ಮತ್ತೆ ಬಿಡಿ, ವ್ಯತ್ಯಾಸವನ್ನು ಬರೆದಿಡಿ. ಕೆರೆಗೆ ಮಾತ್ರ ಹಿರಿಯರಿಲ್ಲದೆ ಇಳಿಯಬೇಡಿ. ಒಲಿಂಪಿಕ್ಸ್‌ಗೆ ಹೋದವರೂ ತೇಲುವ ಕವಚ ತೊಡದೆ ದೋಣಿ ಹತ್ತುವುದಿಲ್ಲ.