ಸೋರುವುದೊಂದು ಕಡೆ, ತೋರುವುದೊಂದು ಕಡೆ

ಮುಂಬಯಿಯ ಮಳೆಯ ವಿಷಯವಾಗಿ ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಜೂನ್ ತಿಂಗಳಲ್ಲಿ ಬಂದಿಳಿಯುವ ಈ ಅತಿಥಿ ದಸರೆಯ ಸುಮಾರಿಗೆ ಹೊರಡುವುದರೊಳಗೆ ಸಾಂತಾಕ್ರೂಜಿನಲ್ಲಿ 2,200 ಮಿಲಿಮೀಟರಿಗೂ ಮಿಕ್ಕಿ ನೀರು ಸುರಿಸಿರುತ್ತಾನೆ. 2005ರ ಜುಲೈ 26ರಂದು ಅಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಸುರಿದುದನ್ನು ಕಂಡವರು, ಆ ರಾತ್ರಿಯನ್ನು ಎಲ್ಲಿ ಕಳೆದೆವೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಬೀದಿಯ ನೀರಿನ ಮಾತಲ್ಲ; ಕಿಟಕಿಯ ಸಂದಿಯಿಂದ ಸದ್ದಿಲ್ಲದೆ ಒಳಗೆ ಬಂದು ಮನೆಯನ್ನೂ ಮನಸ್ಸನ್ನೂ ಕೆಡಿಸುವ ನೀರಿನ ಮಾತು.

ನಮ್ಮದು ಉಪನಗರದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ. ಪಡುವಣ ಗೋಡೆಯಿಂದ ಒಂದೂವರೆ ಅಡಿ ಹೊರಕ್ಕೆ ಚಾಚಿಕೊಂಡಿರುವ, ಪೆಟ್ಟಿಗೆಯಂತಹ ಕಿಟಕಿ. ಕೆಳಗೊಂದು ಕಾಂಕ್ರೀಟಿನ ಹಲಗೆ, ಮೇಲೊಂದು ಸಜ್ಜಾ, ನಡುವೆ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಜಾರುವ ಗಾಜಿನ ಬಾಗಿಲುಗಳು. ಅಂಗೈಯಗಲದ ಮನೆಯಲ್ಲಿ ಆ ಒಂದೂವರೆ ಅಡಿ ಎಷ್ಟು ದೊಡ್ಡದೆಂಬುದನ್ನು ಇಲ್ಲಿ ಸಂಸಾರ ಹೂಡಿದವರೇ ಬಲ್ಲರು. ಮಕ್ಕಳು ಓದುವುದು ಅಲ್ಲೇ. ಊರಿನಿಂದ ತಂದ ಟ್ರಂಕು ಇದ್ದುದೂ ಅಲ್ಲೇ.

ಮೊದಲ ವರುಷ ಕಿಟಕಿಯ ನೆತ್ತಿಯಲ್ಲಿ ರೂಪಾಯಿಯಗಲದ ಕಲೆ ಕಾಣಿಸಿತು. ಬಣ್ಣ ಬಳಿಸಿ ಸುಮ್ಮನಾದೆವು. ಎರಡನೆಯ ವರುಷ ಅದು ತಟ್ಟೆಯಗಲವಾಯಿತು. ಯಾರೋ ಹೇಳಿದರೆಂದು ಒಬ್ಬ ಕೆಲಸಗಾರನನ್ನು ಕರೆಸಿ, ಚೌಕಟ್ಟಿನ ಸುತ್ತ ಹೊರಗಿನಿಂದ ಸಿಲಿಕೋನ್ ಮೆತ್ತಿಸಿದೆವು. ಮೂರನೆಯ ವರುಷ ನೆತ್ತಿಯಿಂದ ತೊಟ್ಟಿಕ್ಕುವುದರ ಜೊತೆಗೆ ಕೆಳಗಿನ ಹಲಗೆಯ ಮೇಲೂ ನೀರು ಹರಿಯಿತು. ಟ್ರಂಕಿನಲ್ಲಿ ನಮ್ಮ ತಾಯಿಯವರು ಕೈಯಾರೆ ಬರೆದಿಟ್ಟಿದ್ದ ಹಸೆಹಾಡುಗಳ ನೋಟುಬುಕ್ಕು ಇತ್ತು. ತೆಗೆದು ನೋಡುವಾಗ ಅರ್ಧಕ್ಕೆ ಅರ್ಧ ಪುಟಗಳಲ್ಲಿ ಶಾಯಿ ಕದಡಿ ನೀಲಿ ನೀರಾಗಿತ್ತು. ನಮ್ಮ ಮನೆಯಾಕೆ ಅದನ್ನು ಪುಟಪುಟವಾಗಿ ಫ್ಯಾನಿನ ಕೆಳಗೆ ಹರಡಿದರು. ಯಾರೂ ಮಾತನಾಡಲಿಲ್ಲ.

ದುಃಖಕ್ಕೆ ಒಬ್ಬ ಅಪರಾಧಿ ಬೇಕಲ್ಲವೇ? ಮೇಲಿನ ಮಹಡಿಯಲ್ಲಿ ಗುಜರಾತಿ ಮನೆತನ. ಮನೆಯ ಹಿರಿಯರನ್ನು ಕಟ್ಟಡದವರೆಲ್ಲ 'ಬಾ' ಎನ್ನುತ್ತೇವೆ. ಅವರ ಕಿಟಕಿಯಲ್ಲಿ ತುಳಸಿಯಿಂದ ಹಿಡಿದು ಮಲ್ಲಿಗೆಯವರೆಗೆ ಕುಂಡಗಳ ಸಾಲು. ನೀರು ಬರುವುದು ಅಲ್ಲಿಂದಲೇ ಎಂದು ನಾವು ತೀರ್ಮಾನಿಸಿದೆವು. ಮೆಟ್ಟಿಲ ಮೇಲೆ ಮಾತಿಗೆ ಮಾತು ಬೆಳೆಯಿತು. ಸೊಸೈಟಿಗೆ ಕಾಗದವೂ ಹೋಯಿತು. ಹನ್ನೊಂದು ವರುಷ ಹಬ್ಬಹಬ್ಬಕ್ಕೆ ಬದಲಾಗುತ್ತಿದ್ದ ಹೋಳಿಗೆ-ಢೋಕಳಾಗಳ ಡಬ್ಬಿಗಳು ಆ ಗಣೇಶ ಚೌತಿಗೆ ನಿಂತುಹೋದವು.

ಮಳೆ ನಿಂತ ಮೇಲೆ ಯಾದಗಿರಿ ಕಡೆಯ ಗೌಂಡಿಯೊಬ್ಬರು ಪರಿಚಯದವರ ಮೂಲಕ ಸಿಕ್ಕಿದರು. ಗೋಡೆಗೆ ಕೈ ಹಚ್ಚುವ ಮೊದಲು ಅವರು ಪ್ರಶ್ನೆ ಹಚ್ಚಿದರು: "ಮಳಿ ಇಲ್ಲದಾಗೂ ಹಸಿ ಇರತೈತೇನ್ರಿ? ಮುಂಜಾನಿ ಮ್ಯಾಲಿನವರು ಜಳಕಾ ಮಾಡೂ ಹೊತ್ತಿಗೆ ಹೆಚ್ಚಾಗತೈತೇನು? ಗಾಳಿ ಬೀಸಿದಾಗ ಅಷ್ಟ ಬರತೈತೇನು?" ಬೇಸಗೆಯಲ್ಲೂ ಹಸಿಯಿದ್ದರೆ ಅದು ಕೊಳಾಯಿಯ ದೋಷ, ಗಾಳಿಮಳೆಗೆ ಮಾತ್ರ ಬಂದರೆ ಹೊರಗೋಡೆಯ ಅಥವಾ ಕಿಟಕಿಯ ದೋಷ. ನಮ್ಮದು ಎರಡನೆಯ ಜಾತಿ. ಕುಂಡಗಳಿಗೆ ಬಾ ವರುಷವಿಡೀ ನೀರೆರೆಯುತ್ತಾರೆ. ಆದರೆ ಕಲೆ ಜನವರಿಯಲ್ಲಿ ಒಣಗಿರುತ್ತದೆ. ಇಷ್ಟು ಸರಳವಾದ ಲೆಕ್ಕ ನಮಗೆ ಹೊಳೆದಿರಲಿಲ್ಲ!

"ಸಾಹೇಬ್ರ, ನೀರು ಕಂಡಲ್ಲೆ ಹುಡುಕಬ್ಯಾಡ್ರಿ. ಅದು ಬಂದ ದಾರಿ ಹುಡುಕ್ರಿ" ಎಂದರು ಅವರು.

ನೀರು ಕೆಳಮುಖವಾಗಿ ಮಾತ್ರ ಹರಿಯುತ್ತದೆಂದು ನಾವು ತಿಳಿದಿದ್ದೆವು. ಗಾಳಿ ನೂಕಿದರೆ ಅದು ಸಂದಿಯಲ್ಲಿ ಮೇಲಕ್ಕೂ ಏರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಕೂದಲೆಳೆಯ ಬಿರುಕು ನೀರನ್ನು ಹೀರುತ್ತದೆ. ಸಜ್ಜಾದ ತಳಕ್ಕೆ ಅಂಟಿಕೊಂಡು ಅದು ಗೋಡೆಯವರೆಗೂ ನಡೆದು ಬರುತ್ತದೆ. ಹೊಕ್ಕದ್ದು ಒಂದು ಮೂಲೆಯಲ್ಲಿ, ಇಳಿದದ್ದು ಇನ್ನೊಂದು ಮೂಲೆಯಲ್ಲಿ.

ದಾರಿ ಹುಡುಕಬೇಕಾದರೆ ಒಣಗಿದ ದಿನ ಕೊಳವೆಯಿಂದ ಕೃತಕ ಮಳೆ ಸುರಿಸಿ ನೋಡಬೇಕು. ಮೂರನೆಯ ಮಹಡಿಯ ಕಿಟಕಿಗೆ ಹೊರಗಿನಿಂದ ನೀರು ಬಿಡುವುದೆಲ್ಲಿಂದ? ಬಾ ಅವರ ಕಿಟಕಿಯಿಂದಲೇ. ಅಂದು ಆ ಹದಿನೆಂಟು ಮೆಟ್ಟಿಲು ಹತ್ತುವುದು ನಮಗೆ ಬೆಟ್ಟ ಹತ್ತಿದಂತಾಯಿತು. ಬಾಗಿಲು ತೆರೆದ ಬಾ ನಮ್ಮ ಮುಖವನ್ನೊಮ್ಮೆ, ಕೈಯಲ್ಲಿದ್ದ ಕೊಳವೆಯನ್ನೊಮ್ಮೆ ನೋಡಿ, ಏನೂ ಕೇಳದೆ ಕುಂಡಗಳನ್ನು ಬದಿಗೆ ಸರಿಸಿದರು.

ಪರೀಕ್ಷೆಯ ಕ್ರಮ ಇಷ್ಟೇ. ಆ ಭಾಗದ ವಿದ್ಯುತ್ತನ್ನು ಆರಿಸಬೇಕು. ಒಬ್ಬರು ಹೊರಗೆ ನೀರು ಬಿಡಬೇಕು, ಒಬ್ಬರು ಒಳಗೆ ಬ್ಯಾಟರಿ ಹಿಡಿದು ನೋಡುತ್ತಿರಬೇಕು. ನೀರು ರಭಸವಾಗಿರದೆ ಮಳೆಯಂತೆ ಬೀಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಟ್ಟಿಗೆ ನೆನೆದು ಯಾವುದು ಕಳ್ಳ, ಯಾವುದು ಸಾಧು ಎಂದು ತಿಳಿಯುವುದಿಲ್ಲ. ಒಂದೊಂದು ಭಾಗಕ್ಕೂ ಹತ್ತು ನಿಮಿಷದಷ್ಟು ಕಾಲ ಕೊಡಬೇಕು.

ಮೊದಲು ಚೌಕಟ್ಟಿನ ತಳ. ಬಾಗಿಲು ಜಾರುವ ಹಳಿಯಲ್ಲಿ ನೀರು ತುಂಬಿ ಒಳಕ್ಕೆ ಉಕ್ಕಿತು. ಇಂತಹ ಹಳಿಗಳ ಹೊರಮೈಯಲ್ಲಿ ಬಿದ್ದ ನೀರು ಹೊರಹೋಗಲೆಂದು ಸಣ್ಣ ಕಿಂಡಿಗಳಿರುತ್ತವೆ. ನಾವು ಕಾಸು ಕೊಟ್ಟು ಮೆತ್ತಿಸಿದ ಸಿಲಿಕೋನ್ ಆ ಕಿಂಡಿಗಳನ್ನೇ ಮುಚ್ಚಿ, ಹಳಿಯನ್ನು ತೊಟ್ಟಿ ಮಾಡಿತ್ತು! ಆಮೇಲೆ ಎರಡು ಪಕ್ಕಗಳು. ಅಲ್ಲಿ ಏನೂ ಇಲ್ಲ. ಕೊನೆಗೆ ಸಜ್ಜಾ ಗೋಡೆಯನ್ನು ಕೂಡುವ ಗೆರೆ. ಏಳು ನಿಮಿಷವಾಗಿತ್ತು, "ಬಂತು!" ಎಂದು ಕೆಳಗಿನಿಂದ ಮಗಳು ಕೂಗಿದಳು. ನೆತ್ತಿಯ ಕಲೆಯಿಂದ ಮೊದಲ ಹನಿ ಬಿದ್ದಿತ್ತು. ಬಾ ಅವರ ಗೋಡೆಗೆ ಆವರೆಗೆ ಒಂದು ತೊಟ್ಟು ನೀರೂ ತಾಗಿರಲಿಲ್ಲ.

ಕೆಲಸದವರು ಹಗ್ಗ, ಬೆಲ್ಟು ಕಟ್ಟಿಕೊಂಡು ಸಜ್ಜಾಕ್ಕೆ ಇಳಿದಾಗ ಆ ಗೆರೆಯಲ್ಲಿ ಗೇಣುದ್ದದ ಅರಳಿಯ ಸಸಿ ಸಿಕ್ಕಿತು. ಅದರ ಬೇರು ಬಿರುಕನ್ನು ಅಗಲಿಸಿತ್ತು. ಸಜ್ಜಾದ ವಾಟ ಗೋಡೆಯ ಕಡೆಗಿದ್ದು ನೀರು ಅಲ್ಲೇ ನಿಲ್ಲುತ್ತಿತ್ತು. ಬಿರುಕನ್ನು ಕೆತ್ತಿ ಅಗಲಿಸಿ, ಬೇರು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿ, ಮೂಲೆಯನ್ನು ಇಳಿಜಾರಾಗಿ ದುಂಡಗೆ ಮಾಡಿದರು. ವಾಟವನ್ನು ಹೊರಕ್ಕೆ ತಿರುಗಿಸಿದರು. ಸಜ್ಜಾದ ಅಂಚಿನ ತಳದಲ್ಲಿ, ನೀರು ಒಳಕ್ಕೆ ನಡೆಯದೆ ಅಲ್ಲೇ ತೊಟ್ಟಿಕ್ಕುವಂತೆ, ಒಂದು ಪಟ್ಟಿ ಕೂರಿಸಿದರು. ಚೌಕಟ್ಟಿನ ಹಳೆಯ ಸಿಲಿಕೋನನ್ನು ಪೂರ್ತಿಯಾಗಿ ಹೆರೆದು, ಒಣಗಿಸಿ, ಪಕ್ಕ ಮತ್ತು ನೆತ್ತಿಗೆ ಮಾತ್ರ ಹೊಸದು ಹಾಕಿದರು. ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲ. ಕಿಂಡಿಗಳನ್ನು ಬಿಡಿಸಿದರು. ಮತ್ತೆ ಅದೇ ಕೊಳವೆ, ಅದೇ ಪರೀಕ್ಷೆ. ಒಳಗೆ ಒಣಗಿಯೇ ಇತ್ತು.

ಇದನ್ನು ಓದಿದ ಮೇಲೆ ವಾಚಕರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕೆಂದು ನಮ್ಮ ಕೋರಿಕೆ. ಮುಂಬಯಿ, ಪುಣೆಯವರು ಏಪ್ರಿಲ್-ಮೇ ತಿಂಗಳಲ್ಲಿ ನೈಋತ್ಯ, ಪಡುವಣ ಗೋಡೆಗಳನ್ನು ನೋಡಿಕೊಳ್ಳಲಿ. ಚೆನ್ನೈಯವರಿಗೆ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದೊಡನೆ. ಅವರು ಮೂಡಣ ಗೋಡೆಯನ್ನು ಸೆಪ್ಟೆಂಬರಿಗೆ ಮೊದಲೇ ನೋಡಲಿ. ಹಳಿಯಲ್ಲಿ ಒಂದು ಲೋಟ ನೀರು ಹಾಕಿ. ಅದು ಹೊರಕ್ಕೆ ಹೋಗದಿದ್ದರೆ ಕಿಂಡಿ ಕಟ್ಟಿದೆ ಎಂದು ತಿಳಿಯಿರಿ. ಹಸಿ ಗೋಡೆಯ ಹತ್ತಿರ ಸ್ವಿಚ್ಚು ಇದ್ದರೆ ಮೇನ್ ಆರಿಸಿ ತಿಳಿದವರನ್ನು ಕರೆಸಿ. ಕಲೆಯ ಮೇಲೆ ಬಣ್ಣ ಬಳಿದು ಮರೆಯಬೇಡಿ. ನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಮುಟ್ಟಿದರೆ ತುಕ್ಕು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಸಜ್ಜಾದ ಮೇಲೆ ನೀವಾಗಿ ಇಳಿಯುವ ಸಾಹಸವಂತೂ ಬೇಡವೇ ಬೇಡ.

ನಮ್ಮ ಮಲೆನಾಡಿನ ಹಿರಿಯರು ಮಳೆಗಾಲಕ್ಕೆ ಮುಂಚೆ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ನೀರಿಗೆ ಅಡ್ಡಗೋಡೆ ಹಾಕುವುದಕ್ಕಿಂತ ಅದಕ್ಕೆ ಹೊರಗಿನಿಂದಲೇ ದಾರಿ ತೋರಿಸಿ ಕಳುಹಿಸುವುದು ಲೇಸೆಂದು ಅವರು ಬಲ್ಲರು. ನಾವು ಅದನ್ನು ಮರೆತು ಕಿಂಡಿಯನ್ನೇ ಮುಚ್ಚಿಸಿದವರು.

ಸೊಸೈಟಿಗೆ ಎರಡನೆಯ ಕಾಗದ ಬರೆದು ಮೊದಲನೆಯದನ್ನು ಹಿಂದಕ್ಕೆ ಪಡೆದೆವು. ಯುಗಾದಿಯ ದಿನ ಹೋಳಿಗೆಯ ಡಬ್ಬಿ ಹಿಡಿದು ಮನೆಯಾಕೆಯೇ ಮೇಲೆ ಹೋದರು. ಬಾ ಅರಳಿಯ ಸಸಿಯನ್ನು ಕುಂಡದಲ್ಲಿ ನೆಟ್ಟುಕೊಂಡಿದ್ದರು; ಈ ಮಳೆಗಾಲದಲ್ಲಿ ಅದನ್ನು ದೇವಸ್ಥಾನದ ಬಯಲಿನಲ್ಲಿ ನೆಡಿಸಿದ್ದಾರೆ. ನೋಟುಬುಕ್ಕಿನ ಉಳಿದ ಹಾಡುಗಳನ್ನು ಮಗಳು ಹೊಸ ಪುಸ್ತಕಕ್ಕೆ ಎತ್ತಿ ಬರೆಯುತ್ತಿದ್ದಾಳೆ. ಅಳಿಸಿಹೋದವುಗಳಲ್ಲಿ ಮೂರನ್ನು ಊರಿನ ಚಿಕ್ಕಮ್ಮ ಫೋನಿನಲ್ಲಿ ಹಾಡಿ ಬರೆಸಿದರು. ಉಳಿದವು ಹೋದುವು.